ಕೊಪ್ಪದ ದಾರಿಯ ತೋಟದ ಮನೆಯಲ್ಲಿ ಒಂದು ಇಂಗ್ಲಿಷ್ ಬೆಳಗಿನ ತಿಂಡಿ

ಕಳೆದ ಡಿಸೆಂಬರಿನಲ್ಲಿ ಮಗಳು ಮತ್ತು ಅಳಿಯ ಇಂಗ್ಲೆಂಡಿನ ಯಾರ್ಕ್‌ಷೈರ್‌ನಿಂದ ಮೂರು ವಾರಗಳ ರಜೆಗೆಂದು ಶಿವಮೊಗ್ಗಕ್ಕೆ ಬಂದಾಗ, ಮೊದಲ ಐದು ದಿನ ನಮ್ಮ ಮನೆಯ ತಿಂಡಿಯ ಬಗ್ಗೆ ಯಾವ ತಕರಾರೂ ಬರಲಿಲ್ಲ. ಅಳಿಯ ಅಲ್ಲಿಯೇ ಹುಟ್ಟಿ ಬೆಳೆದವರು. ಆದರೂ ಕೊಟ್ಟೆ ಕಡುಬು, ನೀರುದೋಸೆ, ಅಕ್ಕಿರೊಟ್ಟಿಗಳನ್ನು ಸಂಕೋಚವಿಲ್ಲದೆ ತಿಂದರು, ಒತ್ತು ಶಾವಿಗೆಗೆ ಕಾಯಿಹಾಲನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಆರನೆಯ ದಿನ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿ, "ಅಪ್ಪ, ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಒಂದು ಹೊತ್ತು ಟೋಸ್ಟು, ಮೊಟ್ಟೆ ಎಲ್ಲಾದರೂ ಸರಿಯಾಗಿ ಸಿಗುತ್ತದೆಯಾ ನೋಡು" ಎಂದಳು.

ಆ ಮಾತು ನನಗೆ ತಕ್ಷಣ ಅರ್ಥವಾಯಿತು. ಮೂರು ವರ್ಷಗಳ ಹಿಂದೆ ನಾವಿಬ್ಬರೂ ಅವರ ಮನೆಯಲ್ಲಿ ಎರಡು ತಿಂಗಳು ಇದ್ದಾಗ, ನಾಲ್ಕನೆಯ ದಿನಕ್ಕೇ ನಾನು ದೋಸೆಗೆ ಅಕ್ಕಿ ನೆನೆಹಾಕಿಸಿದ್ದೆ; ಅಲ್ಲಿಯ ಚಳಿಗೆ ಹಿಟ್ಟು ಹುಳಿಯದೆ, ಕೊನೆಗೆ ಓವನ್ನಿನ ದೀಪವನ್ನಷ್ಟೇ ಹಚ್ಚಿ ಪಾತ್ರೆಯನ್ನು ಅದರೊಳಗಿಟ್ಟು ರಾತ್ರಿಯಿಡೀ ಕಾದಿದ್ದೆವು. ಮಧ್ಯಾಹ್ನಕ್ಕೆ, ರಾತ್ರಿಗೆ ಪರಸ್ಥಳದ ಊಟ ನಡೆದೀತು. ಬೆಳಗಿನ ಹೊತ್ತಿಗೆ ಮಾತ್ರ ಹೊಟ್ಟೆ ತನ್ನೂರಿನದನ್ನೇ ಕೇಳುತ್ತದೆ.

ನಾನು ಇಲ್ಲಿ ಬರೆಯಹೊರಟಿರುವುದು ತೀರ್ಥಹಳ್ಳಿ ದಾಟಿ ಕೊಪ್ಪದ ಕಡೆಗೆ ಹೋಗುವಾಗ, ಮುಖ್ಯ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಕಾಫಿ ಮತ್ತು ಅಡಿಕೆ ತೋಟದ ನಡುವೆ ಇರುವ ಮೂರೇ ಕೋಣೆಗಳ ಒಂದು ಹೋಂಸ್ಟೇಯ ಬೆಳಗಿನ ತಿಂಡಿಯ ಕುರಿತು. ಹೆಸರು ಬರೆಯಬೇಡಿ, ನಮ್ಮಿಬ್ಬರ ಕೈಗೆ ಈಗಿರುವ ಕೆಲಸವೇ ಸಾಕು ಎಂದು ಮನೆಯೊಡತಿ ಕೇಳಿಕೊಂಡಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಆ ಭಾಗದ ತೋಟದವರನ್ನು 'ಬ್ರೆಡ್ ಮಾಡುವ ಮನೆ' ಎಂದು ವಿಚಾರಿಸಿದರೆ ದಾರಿ ತೋರಿಸುತ್ತಾರೆ. ನಮಗೂ ತಿಳಿದದ್ದು ಹಾಗೆಯೇ.

ಅಲ್ಲಿಗೆ ಹೋಗುವ ಮುನ್ನ ಶಿವಮೊಗ್ಗದಲ್ಲಿಯೇ ಎರಡು ಕಡೆ ನೋಡಿದೆವು. ಮೊದಲನೆಯದು, ಹೆಸರು ಹೇಳದ ಒಂದು ದೊಡ್ಡ ಹೋಟೆಲಿನ ಬಫೆ. ಅಲ್ಲಿ 'ಕಾಂಟಿನೆಂಟಲ್' ಎಂಬ ಫಲಕದ ಕೆಳಗೆ ಹದಿನಾಲ್ಕು ಪಾತ್ರೆಗಳಿದ್ದವು. ಟೋಸ್ಟನ್ನು ಮೊದಲೇ ಸುಟ್ಟು ಉಕ್ಕಿನ ಪಾತ್ರೆಗೆ ಪೇರಿಸಿ ಮುಚ್ಚಿಟ್ಟಿದ್ದರಿಂದ, ಅದು ತನ್ನದೇ ಹಬೆಗೆ ಬೆವೆತು ಒದ್ದೆ ರಟ್ಟಿನಂತೆ ಬಾಗುತ್ತಿತ್ತು. ಕಾರ್ನ್‌ಫ್ಲೇಕ್ಸ್‌ನ ಪಕ್ಕದಲ್ಲಿ ಕುದಿಯುವ ಹಾಲನ್ನು ಇಟ್ಟಿದ್ದರು. ಬಿಸಿ ಹಾಲು ಬಿದ್ದರೆ ಆ ಗರಿ ಅರ್ಧ ನಿಮಿಷವೂ ಗರಿಯಾಗಿ ಉಳಿಯುವುದಿಲ್ಲ, ತಣ್ಣನೆಯ ಹಾಲು ಕೇಳಿದರೆ ಹುಡುಗ ನಮ್ಮನ್ನು ಅನುಮಾನದಿಂದ ನೋಡಿದ. ಆಮ್ಲೆಟ್ಟಿಗೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಬೇಡವೆಂದು ಎರಡು ಸಲ ಹೇಳಿದ ಮೇಲೂ ಹಸಿಮೆಣಸು ಬಂದಿತು. ಪ್ರತಿಯೊಬ್ಬರಿಗೂ 550 ರೂಪಾಯಿ ಕೊಟ್ಟು, ಅಳಿಯ ಕೊನೆಗೆ ಇಡ್ಲಿಯನ್ನೇ ತಿಂದು ಎದ್ದರು. ಇಡ್ಲಿ ಮಾತ್ರ ಬಹಳ ಚೆನ್ನಾಗಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಎರಡನೆಯದು ಬೇಕರಿ. ನಮ್ಮ ಅಯ್ಯಂಗಾರ್ ಬೇಕರಿಗಳ ಖಾರ ಬನ್ನಿಗೂ ದಿಲ್‌ಪಸಂದಿಗೂ ನಾನು ಇವತ್ತಿಗೂ ಸೋಲುತ್ತೇನೆ, ಆದರೆ ಅಲ್ಲಿ ಟೋಸ್ಟ್ ಎಂದರೆ ಈರುಳ್ಳಿ, ಕ್ಯಾರೆಟ್ಟಿನ ಪಲ್ಯವನ್ನು ಬ್ರೆಡ್ಡಿನ ಮೇಲೆ ಹರಡಿ ಕಾವಲಿಯಲ್ಲಿ ಬೇಯಿಸಿದ ಮಸಾಲೆ ಟೋಸ್ಟ್. ಅದು ಸಂಜೆಯ ತಿಂಡಿ, ಮತ್ತು ಅದರ ಜಾತಿಯೇ ಬೇರೆ. ಅಲ್ಲಿಂದ ಒಂದು ಪೌಂಡ್ ಬ್ರೆಡ್ ತಂದು ಮನೆಯಲ್ಲಿಯೇ ಸುಟ್ಟು ನೋಡಿದೆವು. ಮೈದಾದ ಆ ಮೆತ್ತನೆಯ ಬ್ರೆಡ್ಡಿಗೆ ಸಕ್ಕರೆ ಜಾಸ್ತಿ; ಸಕ್ಕರೆಯ ದೆಸೆಯಿಂದ ಹೊರಮೈ ಬೇಗನೆ ಕೆಂಪಾಗುತ್ತದೆ, ಒಳಗೆ ಒಣಗುವಷ್ಟು ಹೊತ್ತು ಇಡುವಂತಿಲ್ಲ, ಬೆಣ್ಣೆ ಸವರುವಷ್ಟರಲ್ಲಿ ಮತ್ತೆ ಮೆತ್ತಗಾಗುತ್ತದೆ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಪರಸ್ಥಳದಲ್ಲಿ ಪಾಶ್ಚಾತ್ಯ ತಿಂಡಿ ಕೆಡುವುದು ಹೆಚ್ಚಿನ ಸಲ ಬ್ರೆಡ್ಡಿನಲ್ಲಿಯೇ. ಬ್ರೆಡ್ ಸರಿಯಿಲ್ಲದ ತಟ್ಟೆಗೆ ಇನ್ನೇನು ಸೇರಿಸಿದರೂ ಅದು ಏಳುವುದಿಲ್ಲ.

ಇಂಗ್ಲಿಷ್ ಬೆಳಗಿನ ತಿಂಡಿ ಹೇಗಿರಬೇಕೆಂಬ ಅಳತೆಗೋಲು ನನಗೆ ಸಿಕ್ಕಿದ್ದು ಯಾರ್ಕ್‌ಷೈರಿನ ಕಡಲ ತೀರದ ವಿಟ್ಬಿ ಎಂಬ ಊರಿನ ಒಂದು ಸಣ್ಣ ವಸತಿಗೃಹದಲ್ಲಿ. ಅವರು 'ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಎನ್ನುವ ಇಂಥ ಮನೆಗಳಲ್ಲಿ ಹಿಂದಿನ ರಾತ್ರಿಯೇ ಯಾರಿಗೆ ಏನು ಬೇಕೆಂದು ಕೇಳಿಕೊಳ್ಳುತ್ತಾರೆ. ಪೂರ್ತಿ ತಟ್ಟೆಯಲ್ಲಿ ಹುರಿದ ಮೊಟ್ಟೆ, ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸದ ಪಟ್ಟಿ), ಸಾಸೇಜ್, ಸುಟ್ಟ ಟೊಮೆಟೊ, ಅಣಬೆ, ಸಾಸಿನಲ್ಲಿ ಬೆಂದ ಬೀನ್ಸ್, ಹಲವು ಕಡೆ ರಕ್ತ ಮತ್ತು ಓಟ್ಸ್ ಸೇರಿಸಿ ಮಾಡಿದ ಕಪ್ಪು ಸಾಸೇಜಿನ ಬಿಲ್ಲೆಯೂ ಇರುತ್ತದೆ. ನಾನು ಮೊಟ್ಟೆ ತಿನ್ನುವವನು, ಮಾಂಸ ತಿನ್ನದವನು. ನನ್ನ ತಟ್ಟೆಯಲ್ಲಿ ಮಾಂಸದ ಜಾಗಕ್ಕೆ ಆಲೂಗಡ್ಡೆಯ ಬಿಲ್ಲೆಗಳು ಬಂದವು. ಟೋಸ್ಟನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಇಡದೆ, ತಂತಿಯ ಸಣ್ಣ ಚೌಕಟ್ಟಿನಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿ ತಂದಿದ್ದರು. ಹಬೆ ಹೊರಗೆ ಹೋಗಿ ಗರಿಗರಿ ಉಳಿಯಲಿ ಎಂಬುದೇ ಆ ಚೌಕಟ್ಟಿನ ಉದ್ದೇಶ. ಬೇಗ ಆರುತ್ತದೆ ಎಂಬುದು ಅದರ ದೋಷ. ಚಹಾದ ಕೆಟಲಿನ ಜೊತೆ ತಣ್ಣನೆಯ ಹಾಲಿನ ಜಗ್ಗು ಬಂದಿತ್ತು. ಆ ದಿನ ನನಗೆ ತಿಳಿದದ್ದು, ಆ ತಟ್ಟೆಯ ಹದವೆಲ್ಲ ಸಮಯದಲ್ಲಿದೆ ಎಂಬುದು: ಏಳು ಪದಾರ್ಥಗಳು ಏಳು ಬಗೆಯ ಬೆಂಕಿಯಲ್ಲಿ ಬೆಂದು ಒಂದೇ ಗಳಿಗೆಯಲ್ಲಿ ಬಿಸಿಯಾಗಿ ಮೇಜಿಗೆ ಬರಬೇಕು. ಬಫೆಯಲ್ಲಿ ಅದು ಸಾಧ್ಯವಿಲ್ಲ.

ನಾವು ಬೆಳಿಗ್ಗೆ ಆರಕ್ಕೆ ಶಿವಮೊಗ್ಗ ಬಿಟ್ಟು, ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳ ಮೇಲೆ ತುಂಗೆಯ ಬದಿಯ ರಸ್ತೆ ಹಿಡಿದು, ಎಂಟೂವರೆಯ ಹೊತ್ತಿಗೆ ತೋಟದ ಮನೆಯನ್ನು ತಲುಪಿದೆವು. ಮಂಜು ಇನ್ನೂ ಎದ್ದಿರಲಿಲ್ಲ. ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ನಾಲ್ಕು ಮೇಜುಗಳು. ಮನೆಯೊಡತಿ ಬೆಂಗಳೂರಿನಲ್ಲಿ ಕೆಲವು ಕಾಲ ಬೇಕಿಂಗ್ ಕಲಿತು, ಲಾಕ್‌ಡೌನಿನ ಸಮಯದಲ್ಲಿ ಊರಿಗೆ ಹಿಂದಿರುಗಿದವರು, ಯಜಮಾನರು ತೋಟ ನೋಡಿಕೊಂಡು ಬೆಳಗಿನ ಹೊತ್ತು ತಟ್ಟೆ ಸಾಗಿಸುತ್ತಾರೆ. ಹಿಂದಿನ ದಿನ ಸಂಜೆ ಏಳರೊಳಗೆ ಫೋನ್ ಮಾಡಿ ತಿಳಿಸಿದವರಿಗೆ ಮಾತ್ರ ತಿಂಡಿ ಉಂಟು. ಫೋನಿನಲ್ಲಿ ಅವರು ಕೇಳಿದ ಪ್ರಶ್ನೆಗಳಿಂದಲೇ ನನಗೆ ಭರವಸೆ ಹುಟ್ಟಿತ್ತು: ಮೊಟ್ಟೆಯ ಹಳದಿ ಹರಿಯಬೇಕೋ ಗಟ್ಟಿಯಾಗಬೇಕೋ, ಚಹಾಕ್ಕೆ ಹಾಲು ಬೇರೆಯೇ ಬೇಕೋ, ಬೆಣ್ಣೆಗೆ ಉಪ್ಪು ಬೇಕೋ.

ಬ್ರೆಡ್ಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಷ್ಟು ದೂರ ಹೋಗಲು ತಕ್ಕ ಕಾರಣ ಅದೊಂದೇ. ಅದು ಹುಳಿಹಿಟ್ಟಿನ ಬ್ರೆಡ್, ಅಂದರೆ ಅಂಗಡಿಯ ಯೀಸ್ಟ್ ಹಾಕದೆ, ಹಿಟ್ಟು ಮತ್ತು ನೀರನ್ನು ದಿನಗಟ್ಟಲೆ ಹುಳಿಯಿಸಿ ಕಾಪಾಡಿಕೊಂಡ ಹೆಪ್ಪಿನಿಂದ ಮಾಡಿದ್ದು. ಗಾಳಿ ಮತ್ತು ಹಿಟ್ಟಿನಲ್ಲಿಯೇ ಇರುವ ಯೀಸ್ಟ್ ಅದನ್ನು ಉಬ್ಬಿಸುತ್ತದೆ, ಜೊತೆಗಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಹುಳಿ ಕೊಡುತ್ತದೆ. ಇಡ್ಲಿ ಹಿಟ್ಟಿನಲ್ಲಿ ಹುಳಿಗೂ ಬಹುಮಟ್ಟಿಗೆ ಉಬ್ಬುವಿಕೆಗೂ ಕಾರಣವಾಗುವುದು ಇದೇ ಬಗೆಯ ಬ್ಯಾಕ್ಟೀರಿಯಾ ಎಂಬುದರಿಂದ ಮಲೆನಾಡಿನ ಗೃಹಿಣಿಗೆ ಇದು ತೀರಾ ಅಪರಿಚಿತ ವಿದ್ಯೆಯೇನಲ್ಲ. ಚಳಿಗಾಲದಲ್ಲಿ ಹೆಪ್ಪು ಮಂಕಾಗುತ್ತದೆಂದು ಮನೆಯೊಡತಿ ಅದರ ಗಾಜಿನ ಭರಣಿಯನ್ನು ಬಚ್ಚಲೊಲೆಯ ಗೋಡೆಗೆ ತಾಗಿಸಿ, ಹಳೆಯ ಶಾಲು ಸುತ್ತಿ ಇಡುತ್ತಾರೆ. ಸ್ನಾನದ ನೀರು ಕಾಯಿಸಿದ ಮೇಲೆ ಆ ಗೋಡೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ನನ್ನ ತಾಯಿ ದೋಸೆ ಹಿಟ್ಟನ್ನು ಇಡುತ್ತಿದ್ದುದೂ ಅಲ್ಲಿಯೇ.

ತುಂಡಿನ ದಪ್ಪ ಬೆರಳಿನಷ್ಟಿತ್ತು. ಹೊರಗಿನ ಸಿಪ್ಪೆ ಕಂದುಗಪ್ಪಾಗಿ ಅಲ್ಲಲ್ಲಿ ಗುಳ್ಳೆಯೆದ್ದಿತ್ತು, ಕಚ್ಚಿದರೆ ಹುರಿಗಡಲೆ ಒಡೆದಂತೆ ಶಬ್ದ ಬರುತ್ತಿತ್ತು. ಒಳಗಿನ ತಿರುಳಿನಲ್ಲಿ ಚಿಕ್ಕದೊಡ್ಡ ತೂತುಗಳು, ಬೆಣ್ಣೆ ಕರಗಿ ಆ ತೂತುಗಳಿಗೆ ಇಳಿದು ನಿಲ್ಲುತ್ತಿತ್ತು. ಮೈದಾದ ಜೊತೆಗೆ ಮೂರನೆಯ ಒಂದು ಪಾಲು ಗೋಧಿ ಹಿಟ್ಟು ಸೇರಿಸಿದ್ದರಿಂದ ಬಾಯಿಯಲ್ಲಿ ತುಸು ಒರಟು. ಕೆಂಡದ ಮೇಲೆ ತಂತಿಜಾಲರಿ ಇಟ್ಟು ಸುಟ್ಟದ್ದರಿಂದ ಹೊಗೆಯ ವಾಸನೆ ಒಂದಿಷ್ಟು ಅಂಟಿತ್ತು, ಅಳಿಯನಿಗೆ ಅದೇ ಹೆಚ್ಚು ಹಿಡಿಸಿತು. ನಾಲ್ಕು ತುಂಡು ಮುಗಿಸಿ ಐದನೆಯದಕ್ಕೆ ಕೈ ಚಾಚಿ, ತಾವು ಕಲಿತಿರುವ ಹದಿನೈದಿಪ್ಪತ್ತು ಕನ್ನಡ ಪದಗಳಲ್ಲಿ ಎರಡನ್ನು ಆರಿಸಿ, "ಮಾವ, ಸಾಕಾಗಿಲ್ಲ" ಎಂದರು.

ಬೆಣ್ಣೆ ಮನೆಯದೇ, ಮೊಸರು ಕಡೆದು ತೆಗೆದದ್ದು. ಫ್ರಾನ್ಸಿನ ಕಡೆ ಹೆಸರಾದ ಬೆಣ್ಣೆಯನ್ನೂ ಕೆನೆಗೆ ಹೆಪ್ಪು ಹಾಕಿ ಹುಳಿಯಿಸಿಯೇ ಕಡೆಯುತ್ತಾರೆ, ಆದ್ದರಿಂದ ನಮ್ಮ ಬೆಣ್ಣೆಯ ಪರಿಮಳ ಅದಕ್ಕೆ ಹತ್ತಿರ. ಅಂಗಡಿಯ ಹಳದಿ ಬೆಣ್ಣೆಗೆ ಈ ಸೂಕ್ಷ್ಮವಾದ ಹುಳಿ ಇರುವುದಿಲ್ಲ. ಇಂಗ್ಲೆಂಡಿನವರಿಗೆ ಟೋಸ್ಟಿನ ಬೆಣ್ಣೆಯಲ್ಲಿ ಉಪ್ಪಿರಬೇಕು ಎಂಬುದನ್ನು ಬಲ್ಲ ಮನೆಯೊಡತಿ, ಪುಡಿಮಾಡಿದ ಕಲ್ಲುಪ್ಪನ್ನು ಪಕ್ಕದ ಬಟ್ಟಲಿನಲ್ಲಿ ಇಟ್ಟಿದ್ದರು.

ಮೊಟ್ಟೆಯನ್ನು ನಾನು ಬೇಯಿಸಿದ್ದನ್ನೇ ಕೇಳಿದ್ದೆ. ಇಂಗ್ಲೆಂಡಿನ ಮನೆಗಳಲ್ಲಿ ಮಕ್ಕಳಿಗೆ ಕೊಡುವ ಕ್ರಮವೊಂದಿದೆ: ಅರೆಬೆಂದ ಮೊಟ್ಟೆಯ ತಲೆಯನ್ನು ಚಮಚದಿಂದ ಹಾರಿಸಿ, ಟೋಸ್ಟನ್ನು ಬೆರಳಿನಗಲದ ಪಟ್ಟಿಗಳಾಗಿ ಕತ್ತರಿಸಿ ಹಳದಿಯಲ್ಲಿ ಅದ್ದಿ ತಿನ್ನುವುದು, ಸಾಲಾಗಿ ನಿಲ್ಲುವ ಆ ಪಟ್ಟಿಗಳನ್ನು 'ಸೋಲ್ಜರ್ಸ್' ಎನ್ನುತ್ತಾರೆ. ಬಿಳಿ ಗಟ್ಟಿಯಾಗಿ ಹಳದಿ ಹರಿಯುವ ಆ ಹದ ಅರ್ಧ ನಿಮಿಷದ ವ್ಯತ್ಯಾಸಕ್ಕೆ ತಪ್ಪಿಹೋಗುತ್ತದೆ. ಎತ್ತರ ಹೆಚ್ಚಿದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಉಷ್ಣತೆಯಲ್ಲಿ ನೀರು ಕುದಿಯುವುದರಿಂದ, 700 ಮೀಟರಿನ ಆಸುಪಾಸಿನ ಈ ಜಾಗದಲ್ಲಿ ನೀರಿನ ಕುದಿ 98 ಡಿಗ್ರಿಯೊಳಗೇ ನಿಲ್ಲುತ್ತದೆ. ಇಂಗ್ಲೆಂಡಿನ ಕಡಲ ತೀರದ ಲೆಕ್ಕವನ್ನು ಇಲ್ಲಿ ಹಾಗೆಯೇ ಹಿಡಿದರೆ ಬಿಳಿ ಲೋಳೆಯಾಗಿ ಉಳಿಯುತ್ತದೆ. ಇಲ್ಲಿ ಆರೂವರೆ ನಿಮಿಷ ಬೇಕು ಎಂದು ಮನೆಯೊಡತಿ ತಪ್ಪುತ್ತ ತಪ್ಪುತ್ತ ಕಂಡುಕೊಂಡಿದ್ದಾರೆ. "ಮೊದಲ ವರ್ಷ ಎಷ್ಟು ಮೊಟ್ಟೆ ನಾಯಿಗೆ ಹಾಕಿದ್ದೇನೋ ಲೆಕ್ಕ ಇಲ್ಲ ಸರ್" ಎಂದರು. ಮೊಟ್ಟೆ ನಿಲ್ಲಿಸಲು ಬಿದಿರಿನ ಗೆಣ್ಣನ್ನು ಕೊಯ್ದು ನಯ ಮಾಡಿದ ಪುಟ್ಟ ಬಟ್ಟಲು. ನನ್ನ ಮೊಟ್ಟೆಯ ಹಳದಿ ಜೋನಿ ಬೆಲ್ಲದಷ್ಟು ದಪ್ಪಗೆ ಹರಿಯಿತು, ಅದಕ್ಕಿಂತ ತೆಳ್ಳಗೂ ಇರಲಿಲ್ಲ, ಗಟ್ಟಿಯೂ ಆಗಿರಲಿಲ್ಲ.

ಜೋನಿ ಬೆಲ್ಲದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಮಗಳು ತರಿಸಿಕೊಂಡ ಪ್ಯಾನ್‌ಕೇಕಿಗೆ ಮೇಪಲ್ ಸಿರಪ್ಪಿನ ಬದಲು ಅದನ್ನೇ ಸುರಿದು ಕೊಟ್ಟಿದ್ದರು. ಒಂದು ಲೀಟರ್ ಮೇಪಲ್ ಸಿರಪ್ಪಿಗೆ ಸುಮಾರು 40 ಲೀಟರ್ ಮರದ ರಸವನ್ನು ಇಂಗಿಸಬೇಕಾಗುವುದರಿಂದ ಅದು ಅದರ ನೆಲದಲ್ಲಿಯೇ ದುಬಾರಿ. ಇಲ್ಲಿಯ ಅಂಗಡಿಗಳಲ್ಲಿ ಅದರ ಹೆಸರಿನಲ್ಲಿ ಬಣ್ಣದ ಸಕ್ಕರೆ ಪಾಕವೂ ಮಾರಾಟವಾಗುತ್ತದೆ. ಕಬ್ಬಿನ ಹಾಲಿನ ವಾಸನೆಯಿರುವ, ತುಸು ಉಪ್ಪುಪ್ಪಾದ ಜೋನಿ ಬೆಲ್ಲ ಅಂಥ ಪಾಕಕ್ಕಿಂತ ಎಷ್ಟೋ ಮೇಲು.

ಅತ್ಯುತ್ತಮವಾದದ್ದು ಮಾರ್ಮಲೇಡ್, ಅಂದರೆ ಕಿತ್ತಳೆ ಜಾತಿಯ ಹಣ್ಣನ್ನು ಸಿಪ್ಪೆ ಸಮೇತ ಸಕ್ಕರೆಯಲ್ಲಿ ಕುದಿಸಿ ಮಾಡುವ, ಟೋಸ್ಟಿಗೆ ಸವರುವ ಕಹಿಸಿಹಿ ಪಾಕ. ಇಂಗ್ಲೆಂಡಿನ ಮಾರ್ಮಲೇಡಿಗೆ ಸ್ಪೇನಿನ ಸೆವಿಲ್‌ ಕಡೆಯ ಕಹಿ ಕಿತ್ತಳೆಯೇ ಆಗಬೇಕು. ನಮ್ಮ ಸಿಹಿ ಕಿತ್ತಳೆಯಲ್ಲಿ ಮಾಡಿದರೆ ಅದು ಬರಿಯ ಜಾಮ್. ಈ ಮನೆಯಲ್ಲಿ ನಾವು ಉಪ್ಪಿನಕಾಯಿಗೂ ಗೊಜ್ಜಿಗೂ ಬಳಸುವ ಹೇರಳೆಕಾಯಿಯನ್ನು ಹಿಡಿದಿದ್ದಾರೆ. ಸಿಪ್ಪೆಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೀಜ ಮತ್ತು ಒಳಗಿನ ಬಿಳಿಯ ಭಾಗವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ನೀರಿನಲ್ಲಿ ಕುದಿಸುತ್ತಾರೆ; ಪಾಕವನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಇರುವುದು ಆ ಗಂಟಿನಲ್ಲಿ. ಕಹಿ ಮೊದಲು ನಾಲಗೆಗೆ ತಾಗದೆ, ನುಂಗಿದ ಮೇಲೆ ಗಂಟಲಿನಲ್ಲಿ ನಿಧಾನವಾಗಿ ಏಳುತ್ತದೆ. ತಮ್ಮ ಅಜ್ಜಿ ಮಾಡುತ್ತಿದ್ದುದಕ್ಕೆ ಇದು ಹತ್ತಿರ, ವಾಸನೆ ಮಾತ್ರ ನಿಂಬೆಯ ಕಡೆಗೆ ವಾಲಿದೆ ಎಂಬುದು ಅಳಿಯನ ಅಭಿಪ್ರಾಯ.

ಚಹಾವನ್ನು ಹಾಲಿನೊಡನೆ ಕುದಿಸದೆ, ಕೆಟಲಿನಲ್ಲಿ ಇಳಿಸಿ, ತಣ್ಣನೆಯ ಹಾಲನ್ನು ಬೇರೆ ಇಟ್ಟರು. ಕಾಫಿ ಅವರದೇ ತೋಟದ ಅರೇಬಿಕಾ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ರೂಪಿಸಿದ ಎಸ್. 795 ತಳಿಯದು. ಚಿಕೋರಿ ಇಲ್ಲ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದ ಪುಡಿಯಲ್ಲಿ ಚಿಕೋರಿ ಶೇಕಡಾ 49ರವರೆಗೆ ಇರಬಹುದಾದ್ದರಿಂದ, ಹಾಲಿಲ್ಲದೆ ಕುಡಿಯುವ ಪರದೇಶದವರಿಗೆ ನಮ್ಮ ಪೇಟೆಯ ಪುಡಿ ಕಷಾಯದಂತೆ ಕಾಣುವುದು ಸಹಜ. ನನ್ನ ಹೆಂಡತಿ ಮಾತ್ರ ಒಂದು ಗುಟುಕು ಕುಡಿದು ಲೋಟವನ್ನು ನನ್ನ ಕಡೆಗೆ ಸರಿಸಿ, ತನಗೆ ಹಾಲು ಹಾಕಿದ ಗಟ್ಟಿ ಕಾಫಿಯನ್ನೇ ಮಾಡಿಸಿಕೊಂಡಳು.

ಇನ್ನು ದೋಷಗಳು. ಬೀನ್ಸ್ ಸೋತಿದೆ. ಇಂಗ್ಲೆಂಡಿನ ಡಬ್ಬಿಯ ಬೀನ್ಸ್ ಎಂದರೆ ರಾಜ್ಮಾದ ಜಾತಿಗೇ ಸೇರಿದ, ಬಿಳಿಯ ಸಣ್ಣ ಕಾಳು; ಇವರು ಅದಕ್ಕೆ ಬದಲಾಗಿ ಅಲಸಂದೆಯನ್ನು ಬೇಯಿಸುತ್ತಾರೆ. ಅಲಸಂದೆ ಬೇರೆಯೇ ಸಸ್ಯ, ಅದರ ಮಣ್ಣಿನ ವಾಸನೆ ಟೊಮೆಟೊ ಸಾಸಿನೊಳಗೆ ಬೆರೆಯದೆ ಮೇಲೆದ್ದು ನಿಲ್ಲುತ್ತದೆ, ಸಿಪ್ಪೆ ಹಲ್ಲಿಗೆ ಸಿಗುತ್ತದೆ. ಬಿಳಿ ರಾಜ್ಮಾದ ಸಣ್ಣ ಕಾಳನ್ನು ತರಿಸಿ ನೋಡಿ ಎಂದು ಹೇಳಿ ಬಂದಿದ್ದೇನೆ. ಮಾಂಸದ ವಿಷಯದಲ್ಲಿ ನಾನು ಅಳಿಯನ ಮಾತನ್ನೇ ನೆಚ್ಚಬೇಕು: ಬೇಕನ್ ಬೆಂಗಳೂರಿನಿಂದ ಬರುವ ಶೀತಲೀಕರಿಸಿದ ಪೊಟ್ಟಣದ್ದು, ಅವರೂರಿನಂತೆ ಬೆನ್ನಿನ ಭಾಗದ್ದಲ್ಲ, ಹೊಟ್ಟೆಯ ಭಾಗದ ಕೊಬ್ಬಿನ ತೆಳು ಪಟ್ಟಿ, ಗರಿಯಾಗಿ ಹುರಿದದ್ದರಿಂದ ನಡೆಯುತ್ತದೆ. ಕೋಳಿ ಸಾಸೇಜ್ ರಬ್ಬರಿನಂತಿದ್ದುದರಿಂದ ಅದನ್ನು ಕೇಳದಿರುವುದೇ ಲೇಸು. ಅಣಬೆ ಪೇಟೆಯ ಗುಂಡಿ ಅಣಬೆಯೇ, ಅದರ ಬಗ್ಗೆ ಹೇಳಲು ಏನೂ ಇಲ್ಲ.

ನಿಧಾನವೂ ಒಂದು ದೋಷವೇ. ಎರಡು ಒಲೆಯ ಅಡುಗೆಮನೆಯಲ್ಲಿ ನಾಲ್ವರ ತಟ್ಟೆ ಒಟ್ಟಿಗೆ ಬರಲಿಲ್ಲ; ಮಗಳ ಪ್ಯಾನ್‌ಕೇಕ್ ಬರುವ ಹೊತ್ತಿಗೆ ನನ್ನ ಮೊಟ್ಟೆ ಮುಗಿದು ಹತ್ತು ನಿಮಿಷವಾಗಿತ್ತು. ಎರಡು ಕುಟುಂಬಗಳು ಒಂದೇ ಬೆಳಿಗ್ಗೆ ಬಂದರೆ ಇನ್ನೂ ಕಷ್ಟ.

ಮಳೆಗಾಲದ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಮಗಳು, ಅಳಿಯ ಹಿಂದಿರುಗಿದ ಮೇಲೆ ಈ ಜುಲೈನಲ್ಲಿ ನಾನೂ ಹೆಂಡತಿಯೂ ಇನ್ನೊಮ್ಮೆ ಹೊರಟೆವು. ತೀರ್ಥಹಳ್ಳಿ ದಾಟುವ ಮೊದಲೇ ಮನೆಯೊಡತಿಯ ಫೋನ್ ಬಂದಿತು: ಹಿಂದಿನ ರಾತ್ರಿ ಮರ ಬಿದ್ದು ಕರೆಂಟು ಹೋಗಿದೆ, ಇನ್ವರ್ಟರಿನಲ್ಲಿ ಓವನ್ ಉರಿಯುವುದಿಲ್ಲ, ಬ್ರೆಡ್ ಆಗಿಲ್ಲ, ಬೇಕಾದರೆ ನೀರುದೋಸೆ ಕೊಡುತ್ತೇನೆ. ಅಂಗಡಿಯ ಬ್ರೆಡ್ ತಂದು ಸುಟ್ಟು ಕೊಟ್ಟಿದ್ದರೂ ಕೇಳುವವರು ಯಾರೂ ಇರಲಿಲ್ಲ. ಹಾಗೆ ಮಾಡದೆ ಮೊದಲೇ ತಿಳಿಸಿದ್ದು ನನಗೆ ಹಿಡಿಸಿತು. ನೀರುದೋಸೆಗೆ 120 ರೂಪಾಯಿ ತೆಗೆದುಕೊಂಡರು. ಕರೆಂಟು ಇರುವ ದಿನಗಳಲ್ಲಿಯೂ ಆಷಾಢ, ಶ್ರಾವಣಗಳ ತೇವಕ್ಕೆ ಬ್ರೆಡ್ಡಿನ ಸಿಪ್ಪೆ ಸಂಜೆಯೊಳಗೆ ಚರ್ಮದಂತಾಗುತ್ತದೆ ಎಂದು ಅವರೇ ಒಪ್ಪಿಕೊಂಡರು. ಆದ್ದರಿಂದ ಬ್ರೆಡ್ಡಿಗಾಗಿಯೇ ಹೋಗುವವರು ನವೆಂಬರಿನಿಂದ ಮಾರ್ಚ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಪೂರ್ತಿ ತಟ್ಟೆಗೆ 450 ರೂಪಾಯಿ, ಮಾಂಸವಿಲ್ಲದ್ದಕ್ಕೆ 350, ಬ್ರೆಡ್, ಬೆಣ್ಣೆ, ಮಾರ್ಮಲೇಡ್, ಎರಡು ಮೊಟ್ಟೆ ಮತ್ತು ಚಹಾ ಅಥವಾ ಕಾಫಿ ಮಾತ್ರ ಸಾಕೆಂದರೆ 250. ನನ್ನನ್ನು ಕೇಳಿದರೆ ಈ ಕೊನೆಯದನ್ನೇ ತೆಗೆದುಕೊಳ್ಳಬೇಕು. ತಟ್ಟೆ ತುಂಬಿಸಲು ಸೇರಿಸಿದ್ದೆಲ್ಲ ಅದರ ಮುಂದೆ ಸಪ್ಪೆ. ಕೊನೆಯ ಮೂರು ಕಿಲೋಮೀಟರ್ ಮಣ್ಣು ರಸ್ತೆ, ಸಣ್ಣ ಕಾರಿನ ಅಡಿ ಒಂದೆರಡು ಕಡೆ ತಾಗುತ್ತದೆ. ಹಣವನ್ನು ನಗದಾಗಿ ಒಯ್ಯುವುದು ಮೇಲು, ಫೋನಿನಲ್ಲಿ ಪಾವತಿಸಲು ಜಗಲಿಯ ತೆಂಕಣ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ.

ಹೊರಡುವಾಗ ಅಳಿಯ ಹೇರಳೆಯ ಮಾರ್ಮಲೇಡಿನ ಎರಡು ಬಾಟಲಿಗಳನ್ನು ಕೊಂಡರು. ಒಂದು ಅವರ ಪೆಟ್ಟಿಗೆಯಲ್ಲಿ ಯಾರ್ಕ್‌ಷೈರಿಗೆ ಹೋಯಿತು. ಇನ್ನೊಂದನ್ನು ನನ್ನ ಹೆಂಡತಿ ವಾರದೊಳಗೆ ನೀರುದೋಸೆಯ ಜೊತೆ ಮುಗಿಸಿದಳು. ಬಾಟಲಿಗೆ 220 ರೂಪಾಯಿ, ಖಾಲಿ ಬಾಟಲಿಯನ್ನು ತೊಳೆದು ಹಿಂದಿರುಗಿಸಿದರೆ 20 ರೂಪಾಯಿ ಮುರಿದುಕೊಳ್ಳುತ್ತಾರೆ.